ಲೀಲಕ್ಕನ ಮೆಂತ್ಯದ ಡಬ್ಬಿ

ದೆಹಲಿಯ ಮುನಿರ್ಕಾದ ಗಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೀರಿನ ಮೋಟಾರುಗಳು ಒಂದೊಂದಾಗಿ ಗುರುಗುಟ್ಟತೊಡಗಿವೆ. ಮೂರನೇ ಮಹಡಿಯ ಪುಟ್ಟ ಅಡುಗೆಮನೆಯಲ್ಲಿ ಲೀಲಾ ಆಗಲೇ ಚಟ್ನಿ ರುಬ್ಬಿಟ್ಟು, ಕಾವಲಿ ಒಲೆಗೇರಿಸಿದ್ದಾರೆ. ಕೈ ದೋಸೆ ಹುಯ್ಯುತ್ತಿದೆ, ಕಣ್ಣು ಮಾತ್ರ ಹಿಟ್ಟಿನ ಪಾತ್ರೆಯ ಪಕ್ಕದ ಮೊಬೈಲಿನ ಮೇಲೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಎತ್ತಿ ನೋಡುತ್ತಾರೆ, ಇಡುತ್ತಾರೆ. ಮರುಗಳಿಗೆಗೆ ಮತ್ತೆ ಎತ್ತುತ್ತಾರೆ.

"ಇಷ್ಟು ಬೆಳಿಗ್ಗೆ ಯಾವ ಕಂಪನಿಯವರು ಎದ್ದಿರ್ತಾರೆ? ಕೆಳಗಿಡು ಅದನ್ನ," ಎಂದು ಗದರುತ್ತಾರೆ ಪತಿ ಏಕನಾಥ. ಅವರು ಊಟದ ಡಬ್ಬಿಗಳನ್ನು ಸ್ಕೂಟರಿನ ಚೀಲಕ್ಕೆ ತುಂಬುತ್ತಿದ್ದಾರೆ.

"ನೀವು ಸುಮ್ನಿರಿ. ಬಂದುಬಿಟ್ರೆ?"

ಬರಬೇಕಾಗಿರುವುದು ಆರೋಗ್ಯ ವಿಮೆ ಕಂಪನಿಯ ಡಾಕ್ಟರರ ಕರೆ. ಅದು ಬಂದಮೇಲೆ ಕೈಯಲ್ಲಿರುವ ಪಾಲಿಸಿ ಉಳಿಯುತ್ತದೋ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ಕರೆ ತರಿಸಿಕೊಂಡವರು ಸ್ವತಃ ಲೀಲಾ. ಏಕನಾಥರ ಸಿಟ್ಟೆಲ್ಲ ಅದಕ್ಕೇ.

ಹತ್ತಿರದ ಎರಡು ವಿಶ್ವವಿದ್ಯಾಲಯಗಳಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರಿಗೆ ಇದು ಲೀಲಕ್ಕನ ಮೆಸ್. ಬೋರ್ಡಿಲ್ಲ, ಮೇಜು ಕುರ್ಚಿಯೂ ಇಲ್ಲ. ಚಾಪೆಯ ಮೇಲೆ ಒಂದು ಸಲಕ್ಕೆ ಹತ್ತು ಜನ ಕೂರಬಹುದು, ಮೊಣಕಾಲು ಮೊಣಕಾಲಿಗೆ ತಾಗುತ್ತದೆ. ಮಿಕ್ಕ ಇಪ್ಪತ್ತು ಮಂದಿಗೆ ಡಬ್ಬಿ ಹೋಗುತ್ತದೆ. ಬೀದರಿನ ಹುಡುಗನಿಗೆ ಖಾರ, ಮಂಗಳೂರಿನವಳಿಗೆ ಕುಚ್ಚಲಕ್ಕಿ. ಎಲ್ಲರ ನಾಲಿಗೆಯ ಜಾತಕ ಲೀಲಾಗೆ ಬಾಯಿಪಾಠ.

ಅರಸೀಕೆರೆಯಿಂದ ಮದುವೆಯಾಗಿ ಬಂದಾಗ ಅವರು ಇಳಿದದ್ದು ಘಾಜಿಯಾಬಾದಿನಲ್ಲಿ. ಏಕನಾಥ ಅಲ್ಲಿ ಫ್ಯಾನ್ ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್. ಹೆರಿಗೆಯಿರಲಿ, ಜ್ವರವಿರಲಿ, ಕಾರ್ಖಾನೆ ಕೊಡಿಸಿದ ಕಾರ್ಡು ಆಸ್ಪತ್ರೆಯಲ್ಲಿ ತೋರಿಸಿದರೆ ಮುಗಿಯಿತು. ಕಾರ್ಖಾನೆ ಬಾಗಿಲು ಹಾಕಿತು, ಕಾರ್ಡೂ ಅದರ ಜೊತೆಗೇ ಹೋಯಿತು. ಮುನಿರ್ಕಾಗೆ ಬಂದು ಮೆಸ್ ತೆರೆದು, ಕೆಲಸವನ್ನೇನೋ ಲೀಲಾ ತಮ್ಮ ಕೈಯಿಂದಲೇ ಹುಟ್ಟಿಸಿಕೊಂಡರು. ಕಾರ್ಡು ಹುಟ್ಟಿಸುವುದು ಹೇಗೆಂದು ಮಾತ್ರ ತಿಳಿಯಲಿಲ್ಲ.

ಕಳೆದ ಮಳೆಗಾಲದಲ್ಲಿ ಏಕನಾಥ ತಲೆಸುತ್ತಿ ಸ್ಕೂಟರಿನಿಂದ ಬಿದ್ದರು. ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗಿ ಮೊದಲು ಕೇಳಿದ್ದು, ಯಾವ ಕಂಪನಿಯ ವಿಮೆ ಎಂದು. "ನನ್ನ ಬಾಯಿ ಒಣಗಿಹೋಯ್ತು. ಏನು ಹೇಳ್ಲಿ, ಕುಕ್ಕರ್ ಕಂಪನಿ ಹೆಸರು ಹೇಳ್ಲಾ?" ಎಂದು ಈಗ ನಗುತ್ತಾರೆ ಲೀಲಾ. ಅಂದು ನಗು ಬಂದಿರಲಿಲ್ಲ. ಏಕನಾಥ ಎರಡೇ ದಿನಕ್ಕೆ ಚೇತರಿಸಿಕೊಂಡರು, ಲೀಲಾರ ತಲೆಯಲ್ಲಿ ಆ ಪ್ರಶ್ನೆ ಬಿಡಾರ ಹೂಡಿತು.

ಅಲ್ಲಿಂದ ಶುರುವಾಯಿತು ಅಲೆದಾಟ. ಸರ್ಕಾರದ ಉಚಿತ ಚಿಕಿತ್ಸೆಯ ಕಾರ್ಡಿನ ಪಟ್ಟಿಯಲ್ಲಿ ಇವರ ಹೆಸರು ಸಿಗಲಿಲ್ಲ. ಒಬ್ಬ ಏಜೆಂಟ್ ಎಂಪ್ಲಾಯರ್ ಯಾರು ಎಂದು ಕೇಳಿ ಸುಮ್ಮನಾದ, ಇನ್ನೊಬ್ಬ ಚಹಾ ಕುಡಿದು ಹೋದವನು ಫೋನೇ ಎತ್ತಲಿಲ್ಲ. ಕೊನೆಗೆ ಮೆಸ್ಸಿನಲ್ಲೇ ಉಣ್ಣುವ ಸಂಶೋಧನಾ ವಿದ್ಯಾರ್ಥಿನಿ ಸಿಂಚನಾ ಜೊತೆಗೆ ಕೂತು, ಗಂಡ ಹೆಂಡತಿ ಇಬ್ಬರಿಗೂ ಸೇರಿದ ಒಂದು ಪಾಲಿಸಿ ಹುಡುಕಿದಳು. ಇನ್ನು ಉಳಿದದ್ದು ಕಂಪನಿಯ ಡಾಕ್ಟರ್ ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳುವುದಷ್ಟೇ.

ಎಡವಟ್ಟಾದದ್ದು ಅಲ್ಲಿ. ಲೀಲಾರ ಅಡುಗೆಮನೆಯಲ್ಲಿ ಒಂದು ಕಟ್ಟುಪಾಡಿದೆ. ಒಲೆ ಉರಿಯುತ್ತಿರುವಾಗ ಯಾರೂ ಕಾಯಿಲೆಯ ಹೆಸರು ಎತ್ತಬಾರದು. ಇದು ಅವರ ತಾಯಿಯಿಂದ ಬಂದದ್ದು. ಜ್ವರ ಬಂದ ಹುಡುಗರು ಮೆಟ್ಟಿಲ ಮೇಲೆ ನಿಂತೇ "ಲೀಲಕ್ಕ, ಮೈ ಸರಿಯಿಲ್ಲ" ಎನ್ನಬೇಕು. ಗಂಜಿ ಅಲ್ಲಿಗೇ ಬರುತ್ತದೆ. ಕಂಪನಿಯ ಕರೆ ಬಂದಾಗ ಒಲೆ ಉರಿಯುತ್ತಿತ್ತು, ಚಾಪೆ ತುಂಬ ಮಕ್ಕಳು ಕೂತಿದ್ದರು. ಬಿ.ಪಿ. ಇದೆಯೇ? ಇಲ್ಲ. ಮಾತ್ರೆ? ಯಾವುದೂ ಇಲ್ಲ. "ಸಬ್ ಠೀಕ್ ಹೈ ಜೀ," ಎಂದುಬಿಟ್ಟರು ಲೀಲಾ. ಐದಾರು ವರ್ಷಗಳಿಂದ ನುಂಗುತ್ತಿರುವ ಬಿ.ಪಿ. ಮಾತ್ರೆ ಅವರ ತಲೆಯ ಮೇಲಿನ ಕಪಾಟಿನಲ್ಲೇ, ಮೆಂತ್ಯದ ಡಬ್ಬಿಯಲ್ಲಿ ಅವಿತುಕೊಂಡಿತ್ತು.

ಪಾಲಿಸಿ ಬಂತು, ಏಕನಾಥ ಜಿಲೇಬಿ ತಂದರು. ಲೀಲಾ ಮಾತ್ರ ತಮ್ಮ ಪಾಲನ್ನು ಹುಡುಗರ ತಟ್ಟೆಗೆ ಹಾಕಿದರು. ಮೊನ್ನೆ ಮೆಂತ್ಯ ತೆಗೆಯಲು ಹೋದ ಸಿಂಚನಾಳ ಕೈಗೆ ಮಾತ್ರೆಯ ಪಟ್ಟಿ ಸಿಕ್ಕಿತು. ಅವಳು ಬೈಯಲಿಲ್ಲ, ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಬಿಡಿಸಿ ಹೇಳಿದಳು. "ನಾಳೆ ನಿಮಗೆ ಏನಾದ್ರೂ ಆದ್ರೆ ಅವರು ಹಳೇ ಚೀಟಿಯೆಲ್ಲ ಕೆದಕ್ತಾರೆ, ಲೀಲಕ್ಕ. ಮುಚ್ಚಿಟ್ರಿ ಅಂತ ಹೇಳಿ ಒಂದು ಪೈಸೆ ಕೊಡದೇ ಇರಬಹುದು. ಈಗಲೇ ಹೇಳಿದ್ರೆ ಪಾಲಿಸಿ ಹೋದ್ರೂ ಹೋಗಬಹುದು."

"ಬಂದಿದ್ದನ್ನ ಯಾಕೆ ಕಳ್ಕೋತೀಯ?" ಇದು ಏಕನಾಥರ ವಾದ. "ನಿನ್ನ ಬಿ.ಪಿ. ಹತೋಟಿಯಲ್ಲೇ ಇದೆಯಲ್ಲ."

"ಹತೋಟಿಯಲ್ಲಿತ್ತು. ಈ ಸುಳ್ಳು ಹೇಳಿದ ಮೇಲೆ ಇಲ್ಲ," ಎಂದ ಲೀಲಾ ನಿನ್ನೆ ತಾವೇ ಕಂಪನಿಗೆ ಫೋನ್ ಮಾಡಿದರು. ನಾಳೆ ಡಾಕ್ಟರ್ ಮಾತಾಡುತ್ತಾರೆ ಎಂದರು ಕಂಪನಿಯವರು.

ಆ ಕರೆ ಬರುವುದು ಚಾಪೆ ತುಂಬಿರುವ ಹೊತ್ತಿಗೇ! ಏಕನಾಥ ಟೆರೇಸಿನ ಕಡೆ ಕೈ ತೋರಿಸುತ್ತಾರೆ. ಲೀಲಾ ಬಾಗಿಲವರೆಗೆ ಹೋಗುತ್ತಾರೆ, ಅಲ್ಲೇ ನಿಲ್ಲುತ್ತಾರೆ. ವಾಪಸು ಬಂದು ಒಲೆ ಆರಿಸುತ್ತಾರೆ. ತಿಂಡಿಯ ಹೊತ್ತಿನಲ್ಲಿ ಈ ಒಲೆ ಆರಿದ್ದನ್ನು ಅಲ್ಲಿರುವ ಯಾರೂ ಕಂಡಿಲ್ಲ. ಹುಡುಗರೆಲ್ಲ ತಟ್ಟೆ ಬಿಟ್ಟು ತಲೆಯೆತ್ತುತ್ತಾರೆ.

"ಡಾಕ್ಟರ್ ಸಾಹೇಬ್, ಮೊದಲ ಸಲ ಸುಳ್ಳು ಹೇಳಿದ್ದೆ," ಎನ್ನುತ್ತಾರೆ ಲೀಲಾ, ತಮ್ಮ ಹಿಂದಿಯಲ್ಲಿ. "ನನಗೆ ಬಿ.ಪಿ. ಇದೆ. ದಿನಾ ಮಾತ್ರೆ ತಗೋತೀನಿ. ಆವತ್ತು ಮಕ್ಕಳು ಊಟಕ್ಕೆ ಕೂತಿದ್ರು, ಬಾಯಿ ಬರಲಿಲ್ಲ." ಆ ಕಡೆಯವರು ಮಾತ್ರೆಯ ಹೆಸರು ಕೇಳುತ್ತಾರೆ, ಲೀಲಾ ಡಬ್ಬಿಯಿಂದ ಪಟ್ಟಿ ತೆಗೆದು ಓದುತ್ತಾರೆ. ಪಾಲಿಸಿ ರದ್ದಾಗಬಹುದು, ಕಂತು ಏರಬಹುದು, ಬಿ.ಪಿ.ಗೆ ಸಂಬಂಧಪಟ್ಟದ್ದಕ್ಕೆ ಕೆಲವು ವರ್ಷ ಕಾಯಬೇಕಾಗಬಹುದು. ತಿಳಿಸುತ್ತೇವೆ ಎಂದು ಡಾಕ್ಟರ್ ಫೋನ್ ಇಡುತ್ತಾರೆ.

ಕಾಯಿಲೆಯವಳ ಕೈಯಡುಗೆ ಎಂದು ಹುಡುಗರು ನಾಳೆಯಿಂದ ಬೇರೆ ಮೆಸ್ ಹುಡುಕುತ್ತಾರೇನೋ ಎಂಬ ಹಳೆಯ ಅಳುಕು ಲೀಲಾರ ಮುಖದಲ್ಲಿ ಹಾದುಹೋಗುತ್ತದೆ. ಏಕನಾಥ ಚೀಲ ಹೆಗಲಿಗೇರಿಸಿದವರು ಹೊರಡದೆ ನಿಂತಿದ್ದಾರೆ.

ಮೊದಲು ಬಾಯಿಬಿಟ್ಟವನು ಬೀದರಿನ ಗಗನ್. "ಲೀಲಕ್ಕ, ಆ ಮಾತ್ರೆ ತಿಂಡಿ ಆದ ಮೇಲೆ ತಗೊಳ್ಳೋದಾ?"

"ಹೌದಪ್ಪ. ನಿಮ್ದೆಲ್ಲ ಮುಗಿದು, ಪಾತ್ರೆ ತೊಳೆದು..."

"ಅಚ್ಛಾ! ಅಷ್ಟು ಹೊತ್ತಿಗಾ?" ಎಂದವನು ಸರಿದು ಚಾಪೆಯಲ್ಲಿ ಜಾಗ ಮಾಡುತ್ತಾನೆ. ಸಿಂಚನಾ ಒಲೆ ಹಚ್ಚಿ ತಾನೇ ಒಂದು ದೋಸೆ ಹುಯ್ಯುತ್ತಾಳೆ. ಅದು ದುಂಡಗಾಗುವುದಿಲ್ಲ. ಎಲ್ಲರಿಗೂ ಬಡಿಸಿಯೇ ತಿನ್ನುವ ಲೀಲಾ ಮಕ್ಕಳ ಸಾಲಿನಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಮಾತ್ರೆಯ ಪಟ್ಟಿ ತಟ್ಟೆಯ ಪಕ್ಕದಲ್ಲೇ ಇದೆ.

"ಪಾಲಿಸಿ ಉಳೀಲಿ ಅಂತ ಆಸೆ ಇದೆ. ಸುಳ್ಳು ಯಾಕೆ ಹೇಳ್ಲಿ?" ಎನ್ನುವಾಗ ಲೀಲಾರ ಕಣ್ಣು ಮತ್ತೆ ಮೊಬೈಲಿನತ್ತ ಹೊರಳುತ್ತದೆ. ನೋಟವನ್ನು ಬಲವಂತವಾಗಿ ತಟ್ಟೆಗೆ ತಂದು, ದೋಸೆ ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಡುತ್ತಾರೆ. ಒಂದು ಕ್ಷಣ ಕಣ್ಣು ಮುಚ್ಚಿ ರುಚಿ ನೋಡುತ್ತಾರೆ. ಒಲೆ ಇನ್ನೂ ಉರಿಯುತ್ತಿದೆ.

"ಉಪ್ಪು ಹದವಾಗಿದೆ. ಬಿ.ಪಿ. ಇರೋಳು ಮಾಡಿದ ಚಟ್ನಿ ಅಂತ ಯಾರಾದ್ರೂ ಹೇಳ್ಲಿ, ನೋಡೋಣ!"