ಮೂರನೆಯ ಸ್ತರದ ಹಲ್ಲಿ

೨೦೦೧ರ ಜುಲೈ ಹನ್ನೆರಡು, ಗುರುವಾರ, ಬೆಳಿಗ್ಗೆ ಹನ್ನೊಂದು ನಲವತ್ತು. ಹಿರಿಯಡ್ಕದ ಹೈಸ್ಕೂಲೊಂದರ ಒಂಬತ್ತನೇ ತರಗತಿಯಲ್ಲಿ ಜೆರ್ಟ್ರೂಡ್ ಟೀಚರ್ ಮರುಭೂಮಿಯ ಆಹಾರ ಸರಪಳಿಯ ಚಾರ್ಟನ್ನು ಮೊಳೆಗೆ ತೂಗುಹಾಕುತ್ತಿದ್ದರು. ಅಡಿಯಲ್ಲಿ ಕುರುಚಲು ಗಿಡ, ಅದರ ಮೇಲೆ ಮಿಡತೆ, ಮೂರನೆಯ ಸ್ತರದಲ್ಲಿ ಹಲ್ಲಿ, ನಂತರ ಹಾವು, ತುದಿಯಲ್ಲಿ ಹದ್ದು. ಒಂದು ಸ್ತರದಿಂದ ಮೇಲಿನದಕ್ಕೆ ದಾಟುವುದು ಶಕ್ತಿಯ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಮಳೆಯಿಲ್ಲದ ನೆಲದಲ್ಲಿ ಗಿಡವೇ ಕಡಿಮೆ, ಹದ್ದು ಇನ್ನೂ ಕಡಿಮೆ. ಈ ಪಾಠದಲ್ಲಿ ಅವರನ್ನು ಮೀರಿಸುವವರು ಆ ಶಾಲೆಯಲ್ಲಿ ಇರಲಿಲ್ಲ.

ಜೂನ್‌ನಲ್ಲಿ ಭೋಜ ಅಟೆಂಡರ್ ಆಗಿ ಸೇರಿದ. ಸೌದಿಯಲ್ಲಿ ರಸ್ತೆ ಕಾಮಗಾರಿಗೆ ನೀರಿನ ಟ್ಯಾಂಕರ್ ಓಡಿಸಿ ಬಂದವನು. ಮಕ್ಕಳು ಬುತ್ತಿಯನ್ನು ಅವನ ಸ್ಟೂಲಿನ ಸುತ್ತ ಕೂತೇ ತಿನ್ನತೊಡಗಿದರು. ಟೀಚರ್ ಸ್ಟಾಫ್ ರೂಮಿನ ಕಿಟಕಿಯಿಂದ ತಲೆ ಎಣಿಸುತ್ತಿದ್ದರು: ಇಪ್ಪತ್ತಮೂರು, ಮರುದಿನ ಇಪ್ಪತ್ತೇಳು. ಅವರು ಮರುಭೂಮಿ ಕಂಡವರಲ್ಲ. ಅವನು ಅಲ್ಲಿ ಕೂತು ಊಟ ಮಾಡಿದವನು.

ಆ ಗುರುವಾರ ದೀಕ್ಷಿತಾ ಎದ್ದು ನಿಂತಳು. “ಟೀಚರ್, ಈ ಹಲ್ಲಿ ಹುಳ ತಿನ್ನುವುದಿಲ್ಲವಂತೆ. ಎಲೆ ತಿನ್ನುವುದಂತೆ. ಚಾರ್ಟು ತರುವಾಗ ಭೋಜಣ್ಣ ಹೇಳಿದ್ರು.”

ಅದೇ ಹೊತ್ತಿಗೆ ನೋಟೀಸು ಪುಸ್ತಕ ಹಿಡಿದು ಭೋಜ ಬಾಗಿಲಿಗೆ ಬಂದ.

“ಎಂತ ಭೋಜ, ಟ್ಯಾಂಕರಿನ ಜೊತೆ ಪ್ರಾಣಿಶಾಸ್ತ್ರವನ್ನೂ ಓಡಿಸ್ತಿದ್ರಾ?”

ಮಕ್ಕಳು ನಕ್ಕರು. ಭೋಜ ಚಾರ್ಟಿನತ್ತ ಬೆರಳು ತೋರಿಸಿದ. “ಇಲ್ಲ ಟೀಚರ್. ಇದು ದಬ್, ಅಲ್ಲಿಯ ಮರುಭೂಮಿಯ ಹಲ್ಲಿ. ಬಾಲದಲ್ಲಿ ಮುಳ್ಳು ಉಂಟಲ್ವಾ? ನಾನು ಕ್ಯಾಬೇಜ್ ಎಲೆ ಹಾಕಿದ್ದೇನೆ, ತಿಂದಿದೆ.”

“ನೀವು ಹಾಕಿದ್ರಲ್ಲ ಅಂತ ಮರ್ಯಾದೆಗೆ ತಿಂದಿರಬೇಕು. ಪುಸ್ತಕದಲ್ಲಿ ಹುಳ ಅಂತ ಉಂಟು.”

ಪುಸ್ತಕದಲ್ಲಿ ‘ಹುಳ ತಿನ್ನುವ ಹಲ್ಲಿ’ ಎಂದಷ್ಟೇ ಇತ್ತು, ಚಿತ್ರವಿರಲಿಲ್ಲ. ಚಿತ್ರವನ್ನು ಟೀಚರ್, ತಮ್ಮನಾದ ಓಸ್ವಾಲ್ಡ್ ದುಬೈಯಿಂದ ತಂದ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ್ದರು. ಗಲ್ಫ್ ಕ್ಯಾಲೆಂಡರ್ ಇಲ್ಲದ ಮನೆ ಅವರ ಕೇರಿಯಲ್ಲಿರಲಿಲ್ಲ. ಚಿತ್ರದ ಕೆಳಗಿನ ಅರಬ್ಬಿ ಓದಬಲ್ಲವರೂ ಇರಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ, ಭೋಜ ಹೇಳಿದ್ದು ತಪ್ಪೆಂದು ತೋರಿಸುವ ಪುಟ ಹುಡುಕಲು ಟೀಚರ್ ಮಣಿಪಾಲದ ಬಸ್ಸು ಹತ್ತಿದರು. ಗ್ರಂಥಾಲಯದಲ್ಲಿ ಎರಡು ಗಂಟೆ ಕಳೆದ ಮೇಲೆ ಪುಟ ಸಿಕ್ಕಿತು. ಅದೇ ಬಾಲ. ಆಹಾರ: ಎಲೆ, ಹೂ, ಬೀಜ; ಮರಿಗಳಾದರೆ ಕೆಲವೊಮ್ಮೆ ಹುಳವೂ. ಪುಸ್ತಕ ಮುಚ್ಚಿ, ತೆರೆದು, ಮತ್ತೊಮ್ಮೆ ಓದಿದರು. ಇದನ್ನು ಹೇಳಿದರೆ ಉಳಿದ ಮಕ್ಕಳೂ ಆ ಸ್ಟೂಲಿನ ಬಳಿಗೆ ಹೋಗುತ್ತಾರೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ವಾಪಸು ಬಸ್ಸು ಪರ್ಕಳ ದಾಟುವಷ್ಟರಲ್ಲಿ, ಹೇಳುವುದಿಲ್ಲವೆಂದು ತೀರ್ಮಾನಿಸಿಯಾಗಿತ್ತು.

ಸೋಮವಾರ ಚಾರ್ಟು ಬಿಡಿಸಿ, ಗಿಡದಲ್ಲಿ ಸಾವಿರ ಪಾಲು, ಮಿಡತೆಗೆ ನೂರು ಎಂದರು. ಕೋಲು ಹಲ್ಲಿಯ ಮೇಲೆ ನಿಂತಿತು. ಹತ್ತು ಎನ್ನಬೇಕಿತ್ತು. ತಪ್ಪೆಂದು ಗೊತ್ತಿರುವ ಲೆಕ್ಕವನ್ನು ಹೇಳಲು ನಾಲಗೆ ಏಳಲಿಲ್ಲ.

“ಭೋಜನನ್ನು ಕರೆಯಿರಿ,” ಎಂದರು.

ಅವನು ಬಂದು ನಿಂತ. ಅವರು ಬ್ಲೇಡಿನಿಂದ ಹಲ್ಲಿಯನ್ನು ಎಬ್ಬಿಸಿ, ಎರಡನೆಯ ಸ್ತರದಲ್ಲಿ ಮಿಡತೆಯ ಪಕ್ಕ ಅಂಟಿಸಿದರು. “ಇವರು ಹೇಳಿದ್ದು ಸರಿ. ನಾನು ಪುಸ್ತಕ ನೋಡಿ ಬಂದೆ,” ಎಂದರು, ಅವನ ಮುಖ ನೋಡದೆ. ಇಪ್ಪತ್ತು ಮಕ್ಕಳಾದರೂ ಅವನತ್ತ ತಿರುಗಿದ್ದನ್ನು ಕಂಡರು. ಹೊಟ್ಟೆಯೊಳಗಿನ ಕಿಚ್ಚು ಆರಿರಲಿಲ್ಲ.

ಭೋಜನಿಗೆ ತಮಾಷೆ ತಡೆಯಲಾಗಲಿಲ್ಲ. “ಪಾಪದ ಪ್ರಾಣಿ, ಟೀಚರ್. ಎಷ್ಟು ವರ್ಷ ಹುಳ ತಿನ್ನಿಸಿದ್ರಿ ಅದಕ್ಕೆ?”

ತರಗತಿ ಗೊಳ್ಳೆಂದಿತು. ಟೀಚರ್ ನಗು ನಿಲ್ಲುವವರೆಗೆ ಕಾದರು. ಹಿಂದಿನ ಬೆಂಚಿಗೂ ಕೇಳುವಂತೆ ಹೇಳಿದರು: “ಹದಿನೇಳು.”