ಕಡ್ಡಿಗಳ ಸಂದಿನ ಸೇವಂತಿಗೆ

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರವನ್ನು ಜೋರಾಗಿ ತಿರುಗಿಸಿದರೆ ಕಡ್ಡಿಗಳೆಲ್ಲ ಮಾಯವಾಗಿ ಆಚೆ ಬದಿಯ ತುಳಸಿ ಕುಂಡ ಕಾಣುತ್ತದೆಂಬ ಮಹತ್ಸಂಶೋಧನೆಯನ್ನು, ನಾಳೆಯ ಆಯುಧಪೂಜೆಗೆಂದು ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ ಎಣ್ಣೆ ಬಿಡುತ್ತ ಕುಳಿತಾಗ ಮಾಡಿದೆ. ನೀವು ನಗಬಹುದು, ನನ್ನ ಹೆಂಡತಿ ಆಗಲೇ ನಕ್ಕಾಗಿದೆ. ಆದರೆ ಈ ಪಾರದರ್ಶಕತೆಯೆಂಬ ಸದ್ಗುಣ ಎಲ್ಲ ಚಕ್ರಗಳಿಗೂ ಇರುವುದಿಲ್ಲವೆಂಬುದನ್ನು ತೊಂಬತ್ತರ ದಶಕದಲ್ಲೇ ಸಾಕಷ್ಟು ಬೆವರು ಸುರಿಸಿ ಕಲಿತವನು ನಾನು.

ಆಗ ಪ್ರತಿ ಭಾನುವಾರ ಮುಂಜಾನೆ ನಾನೂ ಪಕ್ಕದ ಬಿಲ್ಡಿಂಗಿನ ವಾಸಣ್ಣನೂ ಸೈಕಲ್ ಏರಿ, ಶಿಳ್‌ಫಾಟಾ ಕೂಡುರಸ್ತೆ ದಾಟಿ, ದೂರದ ವಾಶಿಯಲ್ಲಿ ಇಡ್ಲಿ ತಿಂದು ಬರುತ್ತಿದ್ದೆವು. ಮನೆಯಲ್ಲಿ ಇಡ್ಲಿಗೆ ಬರವಿತ್ತೆಂದಲ್ಲ. ವಾರವಿಡೀ ಲೋಕಲ್ ಗಾಡಿಯಲ್ಲಿ ಪರರ ಮೊಣಕೈಗಳ ನಡುವೆ ಉಸಿರು ಬಿಗಿಹಿಡಿದು ನಿಂತವರಿಗೆ ಮಾತಾಡಲು ಅಷ್ಟುದ್ದದ ರಸ್ತೆಯೇ ಬೇಕಿತ್ತು. ಉಡುಪಿ ಕಡೆಯ ವಾಸಣ್ಣನೋ ಮಾತಿನಲ್ಲಿ ಮಹಾ ಧಾರಾಳಿ. ಅವನ ಒಂದು ಕಥೆ ಮುಗಿಯುವಷ್ಟರಲ್ಲಿ ಊರೇ ಮುಗಿಯುತ್ತಿತ್ತು.

ಹೀಗಿರುವಾಗ ಪರದೇಶದಿಂದ ಬಂದ ಅವನ ಭಾವ ಒಂದು ಹಿಂಚಕ್ರ ತಂದುಕೊಟ್ಟ. ಕಡ್ಡಿಗಳ ಗೊಡವೆಯೇ ಇಲ್ಲದೆ ದೋಸೆಕಾವಲಿಯಂತೆ ಪೂರ್ತಿ ಮುಚ್ಚಿದ, ಗಾಳಿಗೆ ಸಿಕ್ಕದೆ ಜಾರಿಹೋಗುವ ಕರಿಚಕ್ರ. ಅದು ಬಂದಮೇಲೆ ನಾನು ಏದುಸಿರು ಬಿಡುತ್ತ ವಾಶಿ ತಲುಪುವಷ್ಟರಲ್ಲಿ ವಾಸಣ್ಣನ ಇಡ್ಲಿ ಮುಗಿದಿರುತ್ತಿತ್ತು. ಕಥೆಗಳು ಮಾತ್ರ ಅರ್ಧಕ್ಕೇ ನಿಂತವು. ವಿಜ್ಞಾನದ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಗೆಳೆಯನ ಬೆನ್ನನ್ನಷ್ಟೇ ನೋಡಿದ ಆ ಭಾನುವಾರಗಳು ನನ್ನನ್ನು ಬಹಳ ನೋಯಿಸಿದವು.

ಆ ವರ್ಷದ ಆಯುಧಪೂಜೆಗೆ ಅವನ ಹೆಂಡತಿ ಸುಮತಿಯಕ್ಕ ಎಂದಿನಂತೆ ನಮ್ಮಿಬ್ಬರ ಸೈಕಲ್ಲಿಗೂ ಸೇವಂತಿಗೆ ತಂದರು. ಹಿಂಚಕ್ರದ ಕಡ್ಡಿಗಳ ಸಂದಿನಲ್ಲಿ ಹೂ ಸಿಕ್ಕಿಸುವುದು ಅವರ ಪದ್ಧತಿ.

"ಇದ್ರಲ್ಲಿ ಎಲ್ಲಿ ಸಿಕ್ಕಿಸುದು ಮಾರಾಯ್ರೆ, ಒಂದು ಸಂದಿಯಾದ್ರೂ ಉಂಟಾ?" ಎಂದು ಗಂಡನನ್ನು ಕೇಳಿದರು. ವಾಸಣ್ಣ ಗಮ್‌ಟೇಪಿನಿಂದ ಒಂದು ಹೂ ಅಂಟಿಸಿ ಮಾನ ಉಳಿಸಿಕೊಂಡ. ಮಿಕ್ಕದ್ದೆಲ್ಲ ನನ್ನ ಬಡ ಚಕ್ರದ ಪಾಲಾಯಿತು.

ಮುಂದಿನ ಭಾನುವಾರ ನೋಡಿದರೆ, ಆಗಲೇ ಮುಂದೆ ಹೋಗಿದ್ದ ವಾಸಣ್ಣ ಶಿಳ್‌ಫಾಟಾದ ಬಳಿ ನನಗಾಗಿ ಕಾದು ನಿಂತಿದ್ದ. ಚಕ್ರದ ಮೇಲೆ ಟೇಪಿನ ಚೂರಷ್ಟೇ ಉಳಿದಿತ್ತು.

"ನಿನ್ನದ್ರಿಂದ ಒಂದು ಹೂ ಕೊಡು ಮಾರಾಯ. ಪೂಜೆಯ ಹೂ ಬೀಳಿಸಿ ಬಂದೆ ಅಂದ್ರೆ ಅವಳು ಬೇಜಾರು ಮಾಡ್ತಾಳೆ."

ಕೊಟ್ಟೆ. ಬಾಡಿದ ಆ ಹೂವನ್ನು ಜೇಬಿನಲ್ಲಿಟ್ಟುಕೊಂಡು, ಎಸಳು ಉದುರೀತೆಂದು ಅಂದು ಪೂರ್ತಿ ನನ್ನ ಪಕ್ಕದಲ್ಲೇ ಮೆಲ್ಲಗೆ ಪೆಡಲು ತುಳಿದ. ಅರ್ಧಕ್ಕೆ ನಿಂತಿದ್ದ ಕಥೆಗಳನ್ನೆಲ್ಲ ಮುಗಿಸಿದ. ಮುಗಿಸಬಾರದಿತ್ತು. ದೀಪಾವಳಿಯ ಹೊತ್ತಿಗೆ ಅವರು ಬದಲಾಪುರಕ್ಕೆ ಮನೆ ಬದಲಾಯಿಸಿದರು. ಬದಲಾಪುರವೇನು ಪರದೇಶವಲ್ಲ, ಆದರೂ ಮತ್ತೊಂದು ಭಾನುವಾರ ನಮಗೆ ಕೂಡಿಬರಲಿಲ್ಲ. ಅವನ ಮಾತಿಗಾಗಿ ಈಗಲೂ ನನ್ನ ಕಿವಿ ಹಂಬಲಿಸುತ್ತದೆ.

ಬಾಲ್ಕನಿಯ ಚಕ್ರ ನಿಧಾನವಾಗುತ್ತಿದೆ. ಮಾಯವಾಗಿದ್ದ ಕಡ್ಡಿಗಳು ಒಂದೊಂದಾಗಿ ಮರಳುತ್ತಿವೆ. ಹೆಂಡತಿ ಎರಡು ಸೇವಂತಿಗೆ ತಂದಿಟ್ಟಿದ್ದಾಳೆ. ಒಂದನ್ನು ಬಿಗಿಯಾಗಿ ಸಿಕ್ಕಿಸುತ್ತೇನೆ. ಇನ್ನೊಂದನ್ನು ಪ್ರತಿ ವರ್ಷದಂತೆ ಸಡಿಲವಾಗಿಯೇ ಇಡುತ್ತೇನೆ, ದಾರಿಯಲ್ಲಿ ಯಾರಾದರೂ ಕೇಳಿದರೆ ತೆಗೆದುಕೊಡಲು ಸುಲಭವಾಗಲಿ ಎಂದು.