ಸಾವಿತ್ರಿಯ ಉತ್ತರ ಬಾರದ ಬೆಳಿಗ್ಗೆ

2023ರಲ್ಲಿ ಯುದ್ಧ ಶುರುವಾದಾಗ ನಾನು ಇಸ್ರೇಲ್‌ನ ದಕ್ಷಿಣದ ಒಂದು ಪಟ್ಟಣದಲ್ಲಿ ಕೇರ್‌ಗಿವರ್ ಆಗಿದ್ದೆ. ಅಂದರೆ, ವೃದ್ಧರ ಮನೆಯಲ್ಲೇ ಉಳಿದು ಅವರ ಸ್ನಾನ, ಊಟ, ಔಷಧಿ ಎಲ್ಲವನ್ನೂ ನೋಡಿಕೊಳ್ಳುವ ಕೆಲಸ. ನನ್ನೂರು ತೆಲಂಗಾಣದ ಗಡಿಯ ಮಕ್ತಲ್. ಮಗ್ಗದ ಗುಂಡಿಯಲ್ಲಿ ಕೂತು ಕೂತು ಗಂಡನ ಬೆನ್ನು ಕೆಟ್ಟ ಮೇಲೆ, ಇಬ್ಬರು ಹೆಣ್ಣುಮಕ್ಕಳನ್ನು ಅತ್ತೆಗೆ ಒಪ್ಪಿಸಿ ಹೊರಟಿದ್ದೆ. ನನ್ನ ಪಾಲಿಗೆ ಬಂದವರು ರಿವ್ಕಾ ಎಂಬ ಅಜ್ಜಿ. ಪಾರ್ಶ್ವವಾಯುವಿನಿಂದ ಎಡಗಾಲು ಸ್ವಾಧೀನ ತಪ್ಪಿತ್ತು. ಸಿಟ್ಟಿಗೇನೂ ಕಡಿಮೆಯಿರಲಿಲ್ಲ.

ರಾಕೆಟ್ ಬರುವ ಸೂಚನೆ ಸಿಕ್ಕರೆ ಸೈರನ್ ಕೂಗುತ್ತದೆ. ನಮ್ಮದು ಹಳೆಯ ಕಟ್ಟಡ, ಶೆಲ್ಟರ್ ನೆಲಮಾಳಿಗೆಯಲ್ಲಿತ್ತು. ರೋಗಿಯನ್ನು ಎತ್ತಲು ಸೊಂಟಕ್ಕೆ ಕಟ್ಟುವ ಅಗಲ ಬೆಲ್ಟ್ ಹಿಡಿದು ಅಜ್ಜಿಯನ್ನು ಇಳಿಸುವುದು, ಮತ್ತೆ ಹತ್ತಿಸುವುದು. ಮೊದಮೊದಲು ಹೆದರಿಕೆ ಇತ್ತು. ಕ್ರಮೇಣ ಹೆದರುವುದಕ್ಕೂ ತ್ರಾಣ ಉಳಿಯಲಿಲ್ಲ. ಗೋಡೆಗೆ ಒರಗಿದರೆ ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು.

ನಾರಾಯಣಪೇಟೆ, ಗದ್ವಾಲ್ ಕಡೆಯ ಕೆಲವು ಹೆಂಗಸರು ಅಲ್ಲೇ ಸುತ್ತಮುತ್ತ ಕೆಲಸದಲ್ಲಿದ್ದರು. ವಯಸ್ಸಿನಲ್ಲಿ ನಾನೇ ಹಿರಿಯಳು, ಅವರ ಚಿಂತೆಯೂ ನನ್ನದೇ. ಸೈರನ್ ನಿಂತೊಡನೆ ಎಲ್ಲರೂ ಫೋನಿನ ಗುಂಪಿನಲ್ಲಿ ‘ಅದೀನಿ’, ಅಂದರೆ ಬದುಕಿದ್ದೇನೆ, ಎಂದು ಹಾಕಬೇಕು ಎಂದು ಗೊತ್ತುಮಾಡಿದ್ದೆ. ತೆಲುಗಿನವರು ಅದನ್ನೇ ‘ಉನ್ನಾ’ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಸೈರನ್ ನಿಂತ ಮೇಲೆ, ನಾವಿನ್ನೂ ಶೆಲ್ಟರಿನಲ್ಲಿರುವಾಗಲೇ, ಉಳಿದೆಲ್ಲರ ಉತ್ತರವೂ ಬಂತು, ಸಾವಿತ್ರಿಯದು ಬರಲಿಲ್ಲ. ನಮ್ಮ ಕಡೆಯ ದಾಮರಗಿದ್ದದ ಹುಡುಗಿ. ಎದೆಹಾಲು ಬಿಡಿಸಿದ ಕೂಸನ್ನು ತವರಿನಲ್ಲಿಟ್ಟು ಬಂದು ಹೆಚ್ಚು ದಿನವಾಗಿರಲಿಲ್ಲ. ಪಕ್ಕದ ಬೀದಿಯಲ್ಲೇ ಒಬ್ಬ ಮುದುಕರನ್ನು ನೋಡಿಕೊಳ್ಳುತ್ತಿದ್ದಳು. ಫೋನ್ ಮಾಡಿದರೆ ರಿಂಗ್ ಆಗುತ್ತಲೇ ಇತ್ತು.

ರೋಗಿಯನ್ನು ಬಿಟ್ಟು ಹೋಗಬಾರದು ಎಂಬುದು ನಮ್ಮ ಕೆಲಸದ ಮೊದಲ ನಿಯಮ. ಎದ್ದು ನಿಂತ ನನ್ನ ತೋಳನ್ನು ಅಜ್ಜಿ ಗಟ್ಟಿಯಾಗಿ ಹಿಡಿದುಕೊಂಡರು. “ಹೋಗಬೇಡ,” ಎಂದರು ಅವರ ಭಾಷೆಯಲ್ಲಿ. ಬೆರಳು ಬಿಡಿಸಿಕೊಂಡೆ. ಅಲ್ಲೇ ಕೂತಿದ್ದ ಪಕ್ಕದ ಮನೆಯಾಕೆಗೆ ನೋಡಿಕೊಳ್ಳಲು ಹೇಳಿ ಓಡಿದೆ.

ಸಾವಿತ್ರಿಯ ಮುದುಕರು ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಭಾರೀ ಆಳು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ನೆಲದಲ್ಲೇ ಕೂತಿದ್ದಳು. ಫೋನ್ ಹೊರಗಿನ ಕೋಣೆಯಲ್ಲೇ ಉಳಿದಿತ್ತು.

“ಎತ್ತಾಕ ಆಗ್ಲಿಲ್ರೀ ಅಕ್ಕಾ. ಬಿಟ್ಟು ಹ್ಯಾಂಗ ಹೋಗ್ಲಿ?”

“ನೀನಾರ ಓಡಬೇಕಿತ್ತಲ್ಲ. ಊರಾಗ ಕೂಸು ಐತಿ ನಿಂದು!”

“ನಿಮಗೂ ಮಕ್ಕಳದಾವಲ್ರೀ. ನೀವ್ಯಾಕ ಬಂದ್ರಿ?”

ನಾನು ಮುದುಕರ ಸೊಂಟಕ್ಕೆ ಬೆಲ್ಟ್ ಕಟ್ಟತೊಡಗಿದೆ. ಅಷ್ಟರಲ್ಲಿ ಮತ್ತೆ ಸೈರನ್. ಇಬ್ಬರೂ ಬೆಲ್ಟ್ ಹಿಡಿದು ಮುದುಕರನ್ನು ಎಳೆದೆವು. ಶೆಲ್ಟರ್ ಮುಟ್ಟಲಾಗಲಿಲ್ಲ, ಮೆಟ್ಟಿಲ ಒಳಮೂಲೆಯವರೆಗೆ ಮಾತ್ರ ತಲುಪಿದೆವು. ಸದ್ದಿಗೆ ನೆಲ ನಡುಗಿತು. ಮೇಲೆ ಎಲ್ಲೋ ಗಾಜು ಸುರಿಯಿತು. ಮೂವರೂ ಉಳಿದೆವು.

ಹಿಂತಿರುಗಿದಾಗ ರಿವ್ಕಾ ಅಜ್ಜಿ ಶೆಲ್ಟರಿನ ನೆಲದ ಮೇಲಿದ್ದರು. ಎರಡನೇ ಸೈರನ್ ಕೇಳಿ, ಪಕ್ಕದ ಮನೆಯಾಕೆ ತಡೆದರೂ ನನ್ನನ್ನು ಹುಡುಕಲು ಎದ್ದು, ಬಿದ್ದು, ಮಣಿಕಟ್ಟು ಮುರಿದುಕೊಂಡಿದ್ದರು. ಅವರ ಮಗ ಫೋನಿನಲ್ಲಿ, “ಅಮ್ಮನನ್ನು ಯಾಕೆ ಬಿಟ್ಟು ಹೋದೆ?” ಎಂದು ಕೇಳಿದರು. ನಡೆದದ್ದನ್ನು ಹೇಳಿದೆ. ಅವರು ಫೋನ್ ಇಟ್ಟರು. ಕೆಲಸ ಹೋಯಿತು ಅಂದುಕೊಂಡೆ.

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿದ ಮೇಲೂ ಅಜ್ಜಿ ಮುಖ ತಿರುಗಿಸಿಯೇ ಮಲಗಿದ್ದರು. ಹಾಗೆಯೇ ಕೇಳಿದರು, “ಆ ಹುಡುಗಿ ಬದುಕಿದ್ದಾಳಾ?”

“ಇದ್ದಾಳೆ.”

“ಹಾಗಾದರೆ ಸರಿ. ನೀರು ಕೊಡು.”

ಸಂಜೆ ಅತ್ತೆಯ ಫೋನ್ ಬಂತು. “ಬಂದುಬಿಡವ್ವ, ಗಂಜಿ ಕುಡದಾರ ಇರೋಣು.”

“ಈಗ ಅಜ್ಜಿ ಕೈನೂ ಮುರದೈತಿ ಅತ್ತಿ. ಹ್ಯಾಂಗ ಬರ್ಲಿ?”

ಆ ಕೈ ಕೂಡಿ, ಅಜ್ಜಿ ಮಗನ ಮನೆ ಸೇರಿದ ಮೇಲೆಯೇ ನಾನು ಮಕ್ತಲ್‌ಗೆ ಬಂದೆ. ಸಾವಿತ್ರಿ ಇನ್ನೂ ಅಲ್ಲೇ ಇದ್ದಾಳೆ. ಆರೈಕೆಯ ಕೆಲಸದಲ್ಲಿ ಒಬ್ಬರನ್ನು ಎತ್ತಲು ಹೋದರೆ ಇನ್ನೊಬ್ಬರು ಬೀಳುತ್ತಾರೆ. ಆಮೇಲೆ ಅವರನ್ನೂ ಎತ್ತಬೇಕು, ಅವರ ಸಿಟ್ಟನ್ನೂ ತಾಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.